ಗೆಳೆಯನಿಗೊಂದು ಪತ್ರ: ಹದಿನಾಲ್ಕು ಸರ್ಟಿಫಿಕೇಟು, ಒಂದು ಫಾರ್ಮು

ಗೆಳೆಯಾ,

ದಾವಣಗೆರೆಗೆ ಬಂದಾಗ ಕೇಳಿದ್ದೆಯಲ್ಲ, "ನೀನು ಕೋಚೂ ಅಲ್ಲ, ಪಿಇ ಮೇಷ್ಟ್ರೂ ಅಲ್ಲ, ಕಾಲೇಜಲ್ಲಿ ಏನು ಮಾಡ್ತೀಯ?" ಅಂತ. ಮಂಡಕ್ಕಿ ಮಿರ್ಚಿ ಮುಂದೆ ಮಾತು ಎಲ್ಲೆಲ್ಲೋ ಹೋಯಿತು. ಈಗ ಹೇಳುತ್ತೇನೆ: ಆಟ ಆಡುವ ಹುಡುಗ ಹುಡುಗಿಯರ ಓದು, ಮುಂದಿನ ಕೆಲಸದ ದಾರಿ ನೋಡಿಕೊಳ್ಳುತ್ತೇನೆ.

ಹೋದ ವಾರ ಒಬ್ಬ ಹುಡುಗ ಬಂದ. ಜಗಳೂರು ಕಡೆಯವನು, ಕೊನೇ ವರ್ಷದ ಬಿಕಾಂ, ಕಬಡ್ಡಿ ರೈಡರ್. ಮೊಣಕಾಲಿನ ಲಿಗಮೆಂಟ್ ಹರಿದು ಏಳು ತಿಂಗಳಾಗಿದೆ. ಬಟ್ಟೆ ಅಂಗಡಿಯ ಕವರಿನಿಂದ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಹದಿನಾಲ್ಕು! ಮಡಚಿದ ಮೂಲೆಗಳನ್ನು ಹೆಬ್ಬೆರಳಿನಿಂದ ತೀಡಿ ತೀಡಿ ನೆಟ್ಟಗೆ ಮಾಡುತ್ತಿದ್ದ. "ಇಷ್ಟು ಇದಾವೆ ಸರ್, ಪೋಸ್ಟ್ ಆಫೀಸಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಆಗಲ್ವಾ?" ಅಂದ.

ಹದಿಮೂರು ಊರೂರಿನ ಟೂರ್ನಮೆಂಟು, ತಾಲ್ಲೂಕು ದಸರಾ ಕ್ರೀಡಾಕೂಟ. ಲೆಕ್ಕಕ್ಕೆ ಬರುವುದು ಒಂದೇ, ಅಂತರ ವಿಶ್ವವಿದ್ಯಾಲಯದ್ದು. ಕೇಂದ್ರ ಸರ್ಕಾರದ ಕೋಟಾಕ್ಕೆ ಅದೊಂದೇ ಸಾಲದು, ಫಾರ್ಮ್ 3 ಅನ್ನುವ ಪ್ರಮಾಣಪತ್ರವೂ ಬೇಕು. ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರು ಸಹಿ ಹಾಕಬೇಕು. ರಾಜ್ಯ ತಂಡದಲ್ಲಿ ಆಡಿದವರಿಗೆ ಫಾರ್ಮ್ 2. ಮೂರು ವರ್ಷ ಬೆವರು ಸುರಿಸಿದವನಿಗೆ ಇದು ಗೊತ್ತೇ ಇರಲಿಲ್ಲ. ನಮಗಾದರೂ ಯಾರು ಹೇಳಿದ್ದರು? ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ಯೂನಿವರ್ಸಿಟಿ ಬ್ಲೂ ಅನ್ನಿಸಿಕೊಂಡಾಗ ಊರೆಲ್ಲ ಬ್ಲೇಜರ್ ಹಾಕಿಕೊಂಡು ತಿರುಗಿದೆ. ಈ ಫಾರ್ಮಿನ ಹೆಸರು ಕಿವಿಗೆ ಬೀಳುವಷ್ಟರಲ್ಲಿ ವಯಸ್ಸು ಮೀರಿತ್ತು. ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ಇಲ್ಲಿ ಕೂತಿದ್ದೇನೆ.

ಅಮೆರಿಕದಲ್ಲಿ ಆಟಗಾರರಿಗೆ ಹೀಗೆ ದಾರಿ ತೋರಿಸುವುದೇ ಒಂದು ವೃತ್ತಿ. ಅಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ 1994ರಲ್ಲೇ ಆಟಗಾರರ ಓದು, ಆಟ, ಸ್ವಂತ ಬೆಳವಣಿಗೆ, ಉದ್ಯೋಗ, ಸಮಾಜಸೇವೆ ಐದನ್ನೂ ಸೇರಿಸಿ ಕಾರ್ಯಕ್ರಮ ಶುರು ಮಾಡಿತು. ನನಗಿನ್ನೂ ಹುದ್ದೆಯ ಹೆಸರಿಲ್ಲ. ಪಿಇ ರೂಮಿನ ಪಕ್ಕ ಒಂದು ಮೇಜಿದೆ. ಹಾಜರಾತಿಗೆ ಪತ್ರ ಬರೆಸುವುದು, ಟೂರ್ನಮೆಂಟಿಗೆ ಹೋಗಿ ತಪ್ಪಿದ ಇಂಟರ್ನಲ್ಸ್ ಮತ್ತೆ ಕೊಡಿಸುವುದು, "ಮದುವೆ ಗೊತ್ತಾಯ್ತು, ಇನ್ನು ಆಡಲ್ಲ" ಅನ್ನುವ ಹುಡುಗಿಯ ಮನೆಗೆ ಹೋಗಿ ಕೂರುವುದು.

ಆ ಹುಡುಗನಿಗೆ "ನಿನ್ನ ಬಗ್ಗೆ ನಾಲ್ಕು ಮಾತು ಹೇಳು" ಅಂದೆ. ತಲೆ ತಗ್ಗಿಸಿದ. "ಹೋಗ್ಲಿ, ಕಾರ್ನರ್‌ನವನು ಆಂಕಲ್‌ಗೆ ಬರ್ತಾನೆ ಅಂತ ಹೇಗೆ ಗೊತ್ತಾಗುತ್ತೆ?" ಅಂದೆ. ಅಂಕಣದ ಮೂಲೆಯಲ್ಲಿ ನಿಂತ ಎದುರಾಳಿ ರೈಡರ್‌ನ ಪಾದದ ಗಿಣ್ಣು ಹಿಡಿಯಲು ನುಗ್ಗುವ ಪಟ್ಟು ಅದು. ಎದ್ದೇ ನಿಂತ! ಅವನ ಹಿಮ್ಮಡಿ ಏಳುತ್ತೆ ಸರ್, ಕಣ್ಣು ನೋಡಬಾರದು, ಹಿಮ್ಮಡಿ ನೋಡಬೇಕು ಅಂತ ಹತ್ತು ನಿಮಿಷ ಬಿಡದೆ ಹೇಳಿದ. ಕುಂಟುವ ಕಾಲಲ್ಲೇ ಮಾಡಿ ತೋರಿಸಿದ. ನಾನು ಅಷ್ಟನ್ನೂ ಬರೆದುಕೊಂಡೆ. "ಯಾವ ಕೆಲಸದ ಇಂಟರ್‌ವ್ಯೂಗೆ ಹೋದರೂ ಇದನ್ನೇ ಹೇಳೋ" ಅಂದೆ.

ಸೋಮವಾರ ಇಬ್ಬರೂ ಫಾರ್ಮ್ ಹಿಡಿದು ತೋಳಹುಣಸೆಗೆ, ಯೂನಿವರ್ಸಿಟಿಗೆ ಹೋಗುತ್ತಿದ್ದೇವೆ. ನೀನು ಬ್ಯಾಂಕಿನಲ್ಲಿ ಅಷ್ಟು ಜನರನ್ನು ಇಂಟರ್‌ವ್ಯೂ ಮಾಡಿದವನು. ಒಂದು ಭಾನುವಾರ ಬಾ. ಖೋಖೋ ಹುಡುಗಿಯರು ಒಂಬತ್ತು ಜನ ಇದ್ದಾರೆ, ಎದುರು ಕೂರಿಸಿಕೊಂಡು ಮಾತಾಡಿಸು. ಬೆಳಿಗ್ಗೆ ಏಳಕ್ಕೇ ಮೈದಾನದಲ್ಲಿ ಇರುತ್ತಾರೆ.

ನಿನ್ನ ಗೆಳೆಯ