ಮಗಳಿಗೊಂದು ಪತ್ರ: ಓದಲು ಹೊತ್ತು ಎಲ್ಲಿದೆ

ಪ್ರೀತಿಯ ಪುಟ್ಟಿ,

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಓದು ನಿಂತೇಹೋಯಿತು, ಹೊತ್ತೇ ಸಿಗುವುದಿಲ್ಲ ಎಂದೆಯಲ್ಲ, ಅದಕ್ಕೆ ಈ ಕಾಗದ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು.

ಹೊತ್ತು ಇದೆ ಮಗಳೇ. ಆದರೆ ತುಂಡುತುಂಡಾಗಿ ಚದುರಿಕೊಂಡಿದೆ, ಮತ್ತು ಒಂದೊಂದು ತುಂಡಿಗೆ ಒಂದೊಂದು ಬಗೆಯ ಪುಸ್ತಕವೇ ಹೊಂದುತ್ತದೆ. ಊಟದ ಬಿಡುವಿನ ಹತ್ತು ನಿಮಿಷಕ್ಕೆ ದೊಡ್ಡ ಕಾದಂಬರಿ ತೆಗೆದರೆ, ಕಥೆ ಎಲ್ಲಿ ನಿಂತಿತ್ತು ಎಂದು ನೆನಪಿಸಿಕೊಳ್ಳುವುದರಲ್ಲೇ ಐದು ನಿಮಿಷ ಹೋಗುತ್ತದೆ. ಎರಡು ಪುಟ ಓದುವಷ್ಟರಲ್ಲಿ ಏಳಬೇಕು. ಮರುದಿನ ಅದೇ ಎರಡು ಪುಟ. ನಾಲ್ಕು ದಿನ ಹೀಗಾದರೆ ಒಳ್ಳೆಯ ಪುಸ್ತಕದ ಮೇಲೂ ಬೇಸರ ಬರುತ್ತದೆ.

ಮೊದಲು ಮೆಟ್ರೊ, ನಿನ್ನ ದಿನದ ಅತಿ ದೊಡ್ಡ ತುಂಡು ಅದೇ. ವಿಜಯನಗರದಲ್ಲಿ ಹತ್ತಿದರೆ ಪಟ್ಟಂದೂರು ಅಗ್ರಹಾರದವರೆಗೆ ನೇರಳೆ ಮಾರ್ಗದಲ್ಲಿ ರೈಲು ಬದಲಿಸುವ ಗೋಜಿಲ್ಲ, ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದ ದಾರಿ. ಲೆಕ್ಕ ಹಾಕು. ನಮ್ಮ ಪುಸ್ತಕಗಳು ಹೆಚ್ಚಾಗಿ 1/8 ಡೆಮಿ ಆಕಾರದವು, ಅಂದರೆ ಸಾಮಾನ್ಯ ಕಾದಂಬರಿಯ ಅಳತೆ. ಪುಟಕ್ಕೆ 28–30 ಸಾಲು, ಸಾಲಿಗೆ ಏಳೆಂಟು ಪದ. ಆತುರವಿಲ್ಲದೆ ಓದಿದರೂ ಪುಟಕ್ಕೆ ಎರಡು ನಿಮಿಷ ಸಾಕು. ಮೆಜೆಸ್ಟಿಕ್ಕಿನ ನೂಕುನುಗ್ಗಲಿಗೆ ಹತ್ತು ನಿಮಿಷ ಬಿಟ್ಟುಕೊಟ್ಟರೂ ಬೆಳಿಗ್ಗೆ 15 ಪುಟ ಆಗುತ್ತದೆ. ಸಂಜೆ ದಣಿದಿರುತ್ತೀ, ಏಳು ಪುಟ ಎಂದಿಟ್ಟುಕೋ. ಐದು ದಿನಕ್ಕೆ 110 ಪುಟ. 300 ಪುಟದ ಕಾದಂಬರಿ ಮೂರು ವಾರದೊಳಗೆ ಮುಗಿಯುತ್ತದೆ, ವಾರದ ದಿನಗಳಲ್ಲಿ ಮನೆಯಲ್ಲಿ ಒಂದು ನಿಮಿಷವೂ ಕೂರದೆ.

ಆದರೆ ಆ ಕಾದಂಬರಿಯನ್ನು ರೈಲಿನಲ್ಲಿ ಶುರು ಮಾಡಬೇಡ. ನಮ್ಮ ದೊಡ್ಡ ಕಾದಂಬರಿಗಳಲ್ಲಿ ಮೊದಲ ಐವತ್ತು ಪುಟದಲ್ಲೇ ಒಂದು ಇಡೀ ಊರು, ಎರಡು ಮೂರು ಮನೆತನ ಬಂದುಬಿಡುತ್ತವೆ. ಯಾರು ಯಾರಿಗೆ ಸೋದರಮಾವ, ಯಾವ ಮನೆಯ ಜಮೀನು ಯಾರ ಕೈ ಸೇರಿತು ಎಂಬುದು ತಲೆಯಲ್ಲಿ ಕೂರುವ ಮೊದಲೇ ಇಂದಿರಾನಗರ ಬಂತು, ಜನ ತುಂಬಿತು ಎಂದಾದರೆ ಎಳೆ ಕೈಗೆ ಸಿಗುವುದೇ ಇಲ್ಲ. ಆ ಮೊದಲ ಐವತ್ತು ಪುಟವನ್ನು ಭಾನುವಾರ ಒಂದೇ ಸಲ ಕೂತು ಓದು. ಒಂದೂವರೆ ಗಂಟೆಗೆ ತುಸು ಹೆಚ್ಚಿನ ಕೆಲಸ. ಹೆಸರುಗಳನ್ನೂ ಸಂಬಂಧಗಳನ್ನೂ ಒಂದು ಅಂಗೈಯಗಲದ ಚೀಟಿಯಲ್ಲಿ ಬರೆದು ಅದನ್ನೇ ಓದು ನಿಲ್ಲಿಸಿದ ಪುಟದ ಗುರುತಾಗಿ ಇಟ್ಟುಕೋ. ಆಮೇಲೆ ಆ ಪುಸ್ತಕ ರೈಲಿನ ಗದ್ದಲವನ್ನು ಧಾರಾಳವಾಗಿ ತಡೆದುಕೊಳ್ಳುತ್ತದೆ. ನಿಲ್ಲಿಸುವಾಗ ಅಧ್ಯಾಯದ ಕೊನೆಗೆ ನಿಲ್ಲಿಸಬೇಕೆಂಬ ಹಟವೂ ಬೇಡ. ಇಬ್ಬರ ಮಾತಿನ ನಡುವೆ ನಿಲ್ಲಿಸಿದರೆ ಮರುದಿನ ಒಳಗೆ ಹೋಗುವುದು ಸುಲಭ, ಏಕೆಂದರೆ ಮುಂದಿನವರು ಏನೆಂದರು ಎಂದು ಮನಸ್ಸು ಕಾಯುತ್ತಿರುತ್ತದೆ.

ನಿಂತು ಓದುವವರಿಗೆ ಪುಸ್ತಕದ ತೂಕ ದೊಡ್ಡ ವಿಷಯ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 300 ಪುಟದ ಡೆಮಿ ಪುಸ್ತಕ ರಟ್ಟು ಸೇರಿ ಸುಮಾರು 350 ಗ್ರಾಂ. ಇದು ಒಂದು ಕೈಗೆ ನಿಲ್ಲುತ್ತದೆ. 600 ಪುಟದ್ದು ಮುಕ್ಕಾಲು ಕಿಲೋ ಹತ್ತಿರ ಹೋಗುತ್ತದೆ, ಹತ್ತು ನಿಮಿಷಕ್ಕೆ ಮಣಿಕಟ್ಟು ಸೋಲುತ್ತದೆ. ಅದನ್ನು ಮನೆಗೇ ಇಡು. ಬೈಂಡಿಂಗನ್ನೂ ನೋಡು. ಬರೀ ಅಂಟು ಹಾಕಿದ ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿಯಲೆಂದು ಹಿಂದಕ್ಕೆ ಮಡಚಿದರೆ ಬೆನ್ನು ಸೀಳಿ ಹಾಳೆ ಉದುರುತ್ತದೆ. ಹೊಲಿಗೆ ಹಾಕಿದ್ದು ಚೆನ್ನಾಗಿ ತೆರೆದುಕೊಳ್ಳುತ್ತದೆ. ಪುಸ್ತಕದ ಮೇಲಂಚನ್ನು ನೋಡಿದರೆ ಹಾಳೆಗಳು ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಡಚಿರುವುದು ಕಾಣುತ್ತದೆ, ಹಾಗಿದ್ದರೆ ಅದು ಹೆಚ್ಚಾಗಿ ಹೊಲಿದದ್ದು. ಬಾಗಿಲ ಪಕ್ಕದ ಗಾಜಿಗೆ ಬೆನ್ನು ಆನಿಸಿ ನಿಲ್ಲುವ ಜಾಗ ಸಿಕ್ಕಿದರೆ ಎರಡೂ ಕೈ ಬಿಡುವಾಗುತ್ತವೆ. ಮಹಿಳೆಯರ ಬೋಗಿಯಲ್ಲಿ ಅದಕ್ಕೆ ಪ್ರಯತ್ನಿಸು.

ಸೀಟು ಸಿಕ್ಕ ದಿನ ದಕ್ಷಿಣದ ಸಾಲಿನಲ್ಲಿ, ಅಂದರೆ ರೈಲು ಹೋಗುವ ದಿಕ್ಕಿಗೆ ಬಲಗಡೆ ಕೂರು. ಎಂಜಿ ರೋಡಿನ ಹತ್ತಿರ ರೈಲು ನೆಲದಡಿಯಿಂದ ಮೇಲೆ ಬಂದ ಮೇಲೆ ಚಳಿಗಾಲದ ಎಳೆಬಿಸಿಲು ಆ ಕಡೆಯಿಂದ ಬರುತ್ತದೆ. ಬಲಸಾಲಿನವರಿಗೆ ಹೆಗಲ ಮೇಲಿಂದ ಪುಟಕ್ಕೆ ಬೀಳುತ್ತದೆ, ಎದುರು ಸಾಲಿನವರಿಗೆ ಕಣ್ಣಿಗೇ ಕುಕ್ಕುತ್ತದೆ. ಫೋನನ್ನು ಚೀಲದ ತಳಕ್ಕೆ ಹಾಕು. ಇಳಿಯುವ ನಿಲ್ದಾಣ ತಪ್ಪೀತೆಂಬ ಅಂಜಿಕೆಗೆ, ಹತ್ತಿದ ಕೂಡಲೇ ಇಳಿಯುವ ಹೊತ್ತಿಗೆ ಮೂರು ನಿಮಿಷ ಮುಂಚೆ ನಡುಗುವಂತೆ ಅಲಾರಂ ಇಟ್ಟರಾಯಿತು. ಪ್ರತಿ ನಿಲ್ದಾಣಕ್ಕೂ ತಲೆಯೆತ್ತಿ ನೋಡುವವರಿಗೆ ಓದು ಹತ್ತುವುದಿಲ್ಲ.

ಬಸ್ಸಿನಲ್ಲಿ ಮಾತ್ರ ಓದಬೇಡ. ಮೈ ಅಲುಗುತ್ತಿದೆ ಎಂದು ಒಳಗಿವಿ ಹೇಳುತ್ತದೆ, ಪುಟದಲ್ಲಿ ನೆಟ್ಟ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡರ ತಕರಾರಿನಿಂದಲೇ ಹೊಟ್ಟೆ ತೊಳಸುವುದು. ಹಂಪು, ಬ್ರೇಕು, ತಿರುವುಗಳ ಬಸ್ಸಿನಲ್ಲಿ ಅದು ಹೆಚ್ಚು. ಅಲ್ಲಿ ಕೇಳುವ ಪುಸ್ತಕವೇ ಸರಿ, ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡದವು ಸಿಗುತ್ತವೆ. ಕೇಳುವುದಕ್ಕೆ ಪಾತ್ರಗಳು ಕಡಿಮೆ ಇರುವ ಪುಸ್ತಕವನ್ನೋ ಹಿಂದೆ ಓದಿದ್ದನ್ನೋ ಆರಿಸಿಕೋ. ಕಿವಿಗೆ ಬಿದ್ದ ಹೆಸರನ್ನು ಕಣ್ಣಿನಂತೆ ಹಿಂದಿರುಗಿ ನೋಡಲು ಬರುವುದಿಲ್ಲ. ಬಟ್ಟೆ ಮಡಚುವಾಗ, ತರಕಾರಿ ಹೆಚ್ಚುವಾಗಲೂ ಇದೇ ಒಳ್ಳೆಯದು.

ಊಟದ ಬಿಡುವಿಗೆ, ಬ್ಯಾಂಕಿನ ಟೋಕನ್ ಕಾಯುವುದಕ್ಕೆ ಕವಿತೆ, ವಚನ. ಒಂದು ವಚನ ಓದಲು ಅರ್ಧ ನಿಮಿಷ, ಮತ್ತೆ ಓದಲು ಇನ್ನರ್ಧ, ಉಳಿದ ಹೊತ್ತು ಅದು ತಾನಾಗಿ ತಲೆಯಲ್ಲಿ ತಿರುಗುತ್ತಿರುತ್ತದೆ. ತೆಳ್ಳನೆಯ ಸಂಕಲನವೊಂದನ್ನು ಆಫೀಸಿನ ಡ್ರಾದಲ್ಲೇ ಇಟ್ಟುಬಿಡು. ಹೊತ್ತುಕೊಂಡು ತಿರುಗುವ ಪುಸ್ತಕವನ್ನು ಒಂದು ದಿನವಾದರೂ ಮರೆಯುತ್ತೇವೆ.

ಈಗ ರಾತ್ರಿ. ಹೆಚ್ಚಿನವರು ಓದನ್ನು ಇಲ್ಲಿಗೇ ಇಟ್ಟುಕೊಳ್ಳುತ್ತಾರೆ, ಹೆಚ್ಚಿನವರ ಓದು ಕೆಡುವುದೂ ಇಲ್ಲೇ. ಹನ್ನೊಂದಕ್ಕೆ ಮಲಗುವವಳು ಹತ್ತೂ ಮುಕ್ಕಾಲಿಗೆ ಹೊಸ ಕಾದಂಬರಿ ತೆಗೆದರೆ ಎರಡನೇ ಪುಟಕ್ಕೆ ಕಣ್ಣು ಎಳೆಯುತ್ತದೆ. ರಾತ್ರಿಗೆ ಪ್ರಬಂಧ, ಪ್ರವಾಸಕಥನ, ಹಿಂದೆ ಓದಿ ಇಷ್ಟಪಟ್ಟ ಪುಸ್ತಕ. ಎಲ್ಲಿ ನಿದ್ದೆ ಬಂದರೂ ನಷ್ಟವಿಲ್ಲ. ಒಮ್ಮೆ ಓದಿದ್ದನ್ನು ಮತ್ತೆ ಓದುವುದು ಕಾಲಹರಣ ಎನ್ನುವವರ ಮಾತಿಗೆ ಕಿವಿಗೊಡಬೇಡ, ಅದರಷ್ಟು ಹಿತವಾದ ಓದು ಇನ್ನೊಂದಿಲ್ಲ. ಪಿಜಿಯಲ್ಲಿ ಜೊತೆಯವಳು ಮಲಗಿರುತ್ತಾಳೆ, ದೊಡ್ಡ ದೀಪ ಹಾಕುವಂತಿಲ್ಲ. ಮಂಚದ ತಲೆಗಡೆಗೆ ಸಿಕ್ಕಿಸುವ, ಚಾರ್ಜ್ ಮಾಡುವ ಕ್ಲಿಪ್ ದೀಪ ಕೊಂಡುಕೋ. ಹಳದಿ ಬೆಳಕಿನದು ಕೇಳು, ಡಬ್ಬಿಯ ಮೇಲೆ 2700Kಯಿಂದ 3000K ಎಂದಿರಬೇಕು, K ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. ಅದನ್ನು ನಿನ್ನ ಹೆಗಲ ಹಿಂದೆ, ಪುಟಕ್ಕೆ ಮಾತ್ರ ಬೀಳುವಂತೆ ಬಗ್ಗಿಸು. ಅಂಗಾತ ಮಲಗಿ ಪುಸ್ತಕ ಎತ್ತಿ ಹಿಡಿದರೆ ತೋಳು ಬೇಗ ನೋಯುತ್ತದೆ. ಗೋಡೆಗೆ ದಿಂಬು ಕೊಟ್ಟು ಒರಗಿ ಕೂತು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೋ.

ಫೋನಿನಲ್ಲೇ ಓದುತ್ತೇನೆ ಎಂದರೆ ಒಂದು ಮಾತು. ಅಕ್ಷರ ದೊಡ್ಡದು ಮಾಡಿದಾಗ ಸಾಲು ತಾನೇ ಹೊಂದಿಕೊಳ್ಳುವ ಇ-ಪುಸ್ತಕವಾದರೆ ಸರಿ. ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್ ಹಾಗಲ್ಲ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಚಿಕ್ಕದಾಗಿ ಕೂರುವುದರಿಂದ ಹಿಗ್ಗಿಸಲೇಬೇಕು, ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಆಚೀಚೆ ಎಳೆಯಬೇಕು. ಫೋನನ್ನು ಅಡ್ಡ ಹಿಡಿದು ಪುಟದ ಅಂಚಿನ ಬಿಳಿ ಜಾಗ ಹೊರಗೆ ಹೋಗುವಷ್ಟು ಹಿಗ್ಗಿಸಿದರೆ ಎಳೆದಾಟ ತಪ್ಪುತ್ತದೆ.

ರಜೆಯ ದಿನಕ್ಕೆ ಕಬ್ಬನ್ ಪಾರ್ಕ್ ನಿನ್ನ ಮಾರ್ಗದಲ್ಲೇ ಇದೆ. ಅಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಕಬ್ಬನ್ ರೀಡ್ಸ್ ಎಂದು ಜನ ಸೇರಿ ಮೌನವಾಗಿ ಓದುತ್ತಾರೆ. ಯಾರೂ ಯಾರನ್ನೂ ಏನು ಓದುತ್ತೀ ಎಂದು ಪೀಡಿಸುವುದಿಲ್ಲ, ಒಬ್ಬಳೇ ಕೂರಲು ಮುಜುಗರವಿರುವವರಿಗೆ ಇದು ಒಳ್ಳೆಯ ಆಸರೆ. ಚಾಪೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸು, ಇಬ್ಬನಿ ಬಿದ್ದ ಹುಲ್ಲು ಬೇಗ ಒಣಗುವುದಿಲ್ಲ. ಅದೇ ಪಾರ್ಕಿನ ಕೆಂಪು ಕಟ್ಟಡ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ನಗರದ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ, ಭಾನುವಾರ ತೆರೆದಿರುತ್ತವೆ. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಅನುಕೂಲ ಬೇಕೆ? ಮೇಜುಗಳೆಲ್ಲ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ತುಂಬಿರುವುದುಂಟು. ಅವರಿಗೆ ಆ ಜಾಗ ನಮಗಿಂತ ಹೆಚ್ಚು ಬೇಕು, ಬಿಟ್ಟುಕೊಡು. ನೀನು ವಿಜಯನಗರದ ಶಾಖೆಯಲ್ಲಿ ಸದಸ್ಯಳಾಗಿ ಪುಸ್ತಕ ಮನೆಗೆ ತಾ. ಮನೆಯೊಡೆಯರು ಕಟ್ಟುವ ಆಸ್ತಿ ತೆರಿಗೆಯಲ್ಲಿ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ, ಆ ಪುಸ್ತಕಗಳು ನಮ್ಮೆಲ್ಲರವು. ತಂದ ಪುಸ್ತಕ ಹಿಡಿಸದಿದ್ದರೆ ಹಾಗೇ ವಾಪಸು ಕೊಡು. ಮುಗಿಸಲೇಬೇಕೆಂದು ಹಟ ಹಿಡಿದರೆ ಆ ಒಂದು ಪುಸ್ತಕ ಮುಂದಿನ ನಾಲ್ಕಕ್ಕೆ ಅಡ್ಡ ನಿಲ್ಲುತ್ತದೆ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿಯನ್ನೂ ಇಟ್ಟುಕೊಳ್ಳಬೇಡ, ಗುರಿ ಇಟ್ಟವರು ತೆಳ್ಳನೆಯ ಪುಸ್ತಕಗಳನ್ನೇ ಹುಡುಕತೊಡಗುತ್ತಾರೆ.

ತಿಂಗಳುಗಟ್ಟಲೆ ಓದದೆ ಇದ್ದವರಿಗೆ ಮತ್ತೆ ಶುರು ಮಾಡಲು ಸಣ್ಣಕಥೆಯೇ ಸರಿ. ಇಪ್ಪತ್ತು ನಿಮಿಷಕ್ಕೆ ಒಂದು ಮುಗಿಯುತ್ತದೆ, ಮುಗಿಸಿದ ತೃಪ್ತಿ ಅಂದೇ ಸಿಗುತ್ತದೆ. ಅದಕ್ಕೇ ದೀಪಾವಳಿ ವಿಶೇಷಾಂಕಗಳನ್ನು ಎರಡು ತೆಗೆದಿಟ್ಟಿದ್ದೇನೆ. ದೊಡ್ಡ ಆಕಾರದವು, ನಿಂತು ಹಿಡಿಯಲು ಬಾರವು, ರಾತ್ರಿಗೆ ಇಟ್ಟುಕೋ. ರೈಲಿಗೆಂದು 160 ಪುಟದ ಕಥಾಸಂಕಲನವೊಂದನ್ನೂ ಜೊತೆಗೆ ಹಾಕುತ್ತೇನೆ. ಪಿಜಿಯ ಪೂರ್ತಿ ವಿಳಾಸ, ರೂಮ್ ನಂಬರು, ಪಿನ್‌ಕೋಡ್ ಸಮೇತ ಮೆಸೇಜ್ ಮಾಡು, ಸೋಮವಾರ ಅಂಚೆಗೆ ಹಾಕುತ್ತೇನೆ.

ಪ್ರೀತಿಯಿಂದ,
ಅಮ್ಮ