ಕುರ್ಚಿ ಎಳೆದು ಕೂತ ಆ ಮೇಡಂಗೆ ಥ್ಯಾಂಕ್ಸ್

ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಅಪ್ಪನನ್ನು ಹೊಸ ಔಷಧಿಯ ಟ್ರಯಲ್‌ಗೆ ಸೇರಿಸಬಹುದು ಎಂದರು ಡಾಕ್ಟರ್. ಕೈಗೆ ದಪ್ಪ ಕಾಗದದ ಕಟ್ಟು ಬಂತು. ನನಗೆ ತಲೆಯೇ ಓಡಲಿಲ್ಲ. "ನನ್ನ ಮೇಲೆ ಪ್ರಯೋಗಾನಾ?" ಎಂದರು ಅಪ್ಪ, ಮೆಲ್ಲಗೆ.

ಆಗ ಟ್ರಯಲ್ ಕೋಆರ್ಡಿನೇಟರ್ ಒಬ್ಬರು ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತರು. ಕನ್ನಡದ ಪ್ರತಿ ತಂದು ಸಾಲು ಸಾಲಾಗಿ ಓದಿ ಹೇಳಿದರು. "ಯಾವಾಗ ಬೇಕಾದ್ರೂ ಬಿಡಬಹುದು ಯಜಮಾನ್ರೇ, ಕಾರಣ ಹೇಳಬೇಕಿಲ್ಲ. ಮಾಮೂಲಿ ಚಿಕಿತ್ಸೆ ನಿಲ್ಲಲ್ಲ." ಸಿಟಿಆರ್‌ಐ, ಅಂದರೆ ದೇಶದಲ್ಲಿ ನಡೆಯುವ ಇಂಥ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯಲ್ಲಿನ ನೋಂದಣಿ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟರು. 2009ರಿಂದ ಈ ನೋಂದಣಿ ಕಡ್ಡಾಯವಂತೆ, ನನಗೆ ಗೊತ್ತೇ ಇರಲಿಲ್ಲ.

ಸಹಿಗೆ ನಾನು ಕೈ ಚಾಚಿದರೆ, ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಇವತ್ತು ಬೇಡ. ಮನೇಲಿ ಮಾತಾಡಿ ಬನ್ನಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನಿದ್ದೆ ಹೋದರು. ಎಷ್ಟೋ ದಿನದ ಮೇಲೆ.