ಬಿದ್ದವನನ್ನು ಎತ್ತಿದವರಿಗೆ

ಮೊನ್ನೆ ಮಂಗಳವಾರ ಮತ್ತೆ ಬಿದ್ದೆ. ಗಾಬರಿ ಬೇಡ, ಈ ಸಲ ಮ್ಯಾಟ್ ಮೇಲೆ, ಫೈಟ್ ಮಾಸ್ಟರ್ ತೋರಿಸಿದ ಜಾಗದಲ್ಲೇ. ಒಂದೇ ಟೇಕ್‌ಗೆ ಓಕೆ ಆಯಿತು. ಹನ್ನೊಂದು ತಿಂಗಳ ನಂತರದ ಮೊದಲ ಶಾಟ್ ಅದು.

ನನ್ನನ್ನು ಹೊಸದಾಗಿ ನೋಡುತ್ತಿರುವವರಿಗೆ ಎರಡು ಮಾತು. ಮೈಸೂರಿನ ಗರಡಿಯಲ್ಲಿ ಬೆಳೆದವನು ನಾನು. ದಸರಾ ಕುಸ್ತಿಗೆ ದೊಡ್ಡಕೆರೆ ಮೈದಾನದಲ್ಲಿ ನಾಲ್ಕು ವರ್ಷ ಅಖಾಡಕ್ಕೆ ಇಳಿದಿದ್ದೇನೆ. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆಮೇಲೆ ಸಿನಿಮಾ ಫೈಟರ್ ಆದೆ. ಗರಡಿಯಲ್ಲಿ ಕುಸ್ತಿ ಕಲಿಸಿದ ಉಸ್ತಾದರಿಗೆ ಸಿಟ್ಟು ಬಂತು. "ಎಂ.ಪಿ. ಶಂಕರ್ ಕೂಡ ನಮ್ಮ ಮೈಸೂರಿನ ಪೈಲ್ವಾನರೇ ಅಲ್ವಾ?" ಅಂದೆ. "ಅವರು 'ಸತ್ಯ ಹರಿಶ್ಚಂದ್ರ'ದಲ್ಲಿ ವೀರಬಾಹು ಆದರು, 'ಗಂಧದ ಗುಡಿ' ತೆಗೆದರು. ನೀನು ಹೀರೋ ಕೈಲಿ ಒದೆ ತಿನ್ನೋಕೆ ಹೋಗ್ತಿದ್ದೀಯ" ಅಂದರು. ಸುಳ್ಳೇನಲ್ಲ.

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಇಲ್ಲಿ ತಾಗಿದರೇ ಸಂಬಳ. ಈ ವ್ಯತ್ಯಾಸ ತಲೆಗೆ ಹೋಗಿತ್ತು, ಮೈಗೆ ಹೋಗಿರಲಿಲ್ಲ. ಹನ್ನೊಂದು ತಿಂಗಳ ಹಿಂದೆ, ಎರಡನೇ ಮಹಡಿಯಿಂದ ಬೀಳುವ ಶಾಟ್. ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಜೋಡಿಸಿ ಮೇಲೆ ಹಾಸಿಗೆ ಹಾಕಿರುತ್ತಾರೆ. ಡಬ್ಬ ಕುಗ್ಗುತ್ತಾ ಹೋದ ಹಾಗೆ ಬಿದ್ದ ರಭಸ ಇಳಿಯಬೇಕು. ಅದಕ್ಕೆ ಬೆನ್ನು ಕೊಟ್ಟು ಬೀಳಬೇಕು, ಕಾಲು ಕೊಡಬಾರದು. ನಡು ಗಾಳಿಯಲ್ಲಿ ನನ್ನೊಳಗಿನ ಪೈಲ್ವಾನ ಎದ್ದ. ಬೆನ್ನು ಉಳಿಸಿಕೊಳ್ಳಲು ಹೊರಳಿ ಕಾಲು ಕೊಟ್ಟುಬಿಟ್ಟೆ. ಬಲ ಹಿಮ್ಮಡಿಯ ಮೂಳೆ ಒಡೆಯಿತು. ಡಬ್ಬ ಜೋಡಿಸಿದ ಹುಡುಗರದು ಏನೂ ತಪ್ಪಿಲ್ಲ. ಇಷ್ಟು ದಿನ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಖಳನಟರಾದ ಅನಿಲ್, ಉದಯ್ ಪದೇ ಪದೇ ನೆನಪಾಗುತ್ತಿದ್ದರು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಶೂಟಿಂಗ್‌ನಲ್ಲಿ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದವರು ಮತ್ತೆ ಮೇಲೆ ಬರಲಿಲ್ಲ. ನನಗೆ ಹೋಗಿದ್ದು ಒಂದು ಹಿಮ್ಮಡಿ.

ಅವತ್ತು ನನ್ನನ್ನು ಹೊತ್ತುಕೊಂಡು ಓಡಿದ ರೋಪ್ ಹುಡುಗರಿಗೆ, ಅಂದರೆ ಫೈಟ್ ಶಾಟ್‌ಗಳಲ್ಲಿ ಹಗ್ಗ ಎಳೆಯುವವರಿಗೆ, ಮೊದಲ ನಮಸ್ಕಾರ. ನೂರಾ ಎರಡು ಕೆ.ಜಿ. ಹೊರುವುದು ಸುಮ್ನೆ ಅಲ್ಲ. ಒಂದು ದಿನದ ಸಂಬಳ ತೆಗೆದಿಟ್ಟ ಫೈಟರ್ ಗೆಳೆಯರೇ, ಅದರಲ್ಲಿ ಇಬ್ಬರಿಗೆ ಆ ತಿಂಗಳು ಕೆಲಸವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಫಿಜಿಯೋಥೆರಪಿ ಮಾಡಿಸಿದ ತಂಗಿಗೆ ಕೈ ಮುಗಿಯುತ್ತೇನೆ. ದಿನಕ್ಕೆ ಐನೂರು ಬಸ್ಕಿ ಹೊಡೆಯುತ್ತಿದ್ದವನು ನಾನು. ಅವಳ ಮುಂದೆ ಹಿಮ್ಮಡಿ ಎತ್ತಿ ಇಳಿಸೋಕೆ ಅತ್ತಿದ್ದೇನೆ. "ಅಣ್ಣಾ, ಇನ್ನು ಹತ್ತೇ ಹತ್ತು" ಅನ್ನುತ್ತಿದ್ದಳು. ಆ ಹತ್ತು ಯಾವತ್ತೂ ಹತ್ತಕ್ಕೆ ನಿಲ್ಲಲಿಲ್ಲ.

ಹೆಂಡತಿಗೆ ಇಲ್ಲಿ ಏನು ಬರೆದರೂ ಕಡಿಮೆ. ರಾತ್ರಿ ಎಲ್ಲಾ ಹೊಲಿಗೆ ಮಿಷನ್ ತುಳಿದು ಮನೆ ಬಾಡಿಗೆ ಕಟ್ಟಿದವಳು. ಇದನ್ನು ಓದಿದರೆ, "ಎಲ್ಲರ ಮುಂದೆ ಯಾಕೆ ಹೇಳಿದ್ರಿ" ಅಂತ ಬೈಯುತ್ತಾಳೆ.

ಕೊನೆಗೆ ಉಸ್ತಾದರು. ಎಂಟು ವರ್ಷ ಮಾತು ಬಿಟ್ಟಿದ್ದವರು ಆಸ್ಪತ್ರೆಗೆ ಬಂದರು. ಕೈಯಲ್ಲಿ ಬಾದಾಮಿ ಪೊಟ್ಟಣ. ಕಾಲು ನೋಡಿದರು, ಹೇಗೆ ಬಿದ್ದೆ ಅಂತ ಕೇಳಿದರು. ಹೇಳಿದೆ. "ಬೆನ್ನು ಕೊಡಲಿಲ್ಲ ತಾನೆ?" ಅಂದರು. ಮುಖದಲ್ಲಿ ಸ್ವಲ್ಪ ಖುಷಿ ಇತ್ತು ಅಂತ ನನ್ನ ಅನುಮಾನ.

ಈ ಭಾನುವಾರ ಗರಡಿಗೆ ಬರಹೇಳಿದ್ದಾರೆ. ಕುಸ್ತಿಗಲ್ಲ, ಮಣ್ಣು ಅಗೆಯೋಕೆ.